ಕರುಳಿನ ಟೈಲ್ಸ್, ಟೈಲ್ಸ್ ನಡುವಿನ ಬಿಳಿ ಸಿಮೆಂಟ್: ಮಳೆಗಾಲದ ಭೇದಿ ಬಗ್ಗೆ ನಿಮ್ಮ ಪ್ರಶ್ನೆಗಳು

ಮಳೆ ಶುರುವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಹೊಟ್ಟೆಯದ್ದೇ. ಈ ಸಲ ಡೊಂಬಿವಲಿಯಿಂದ ವಾಸ್ಕೋವರೆಗೆ ಬಂದ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದೆ. ಕೇಳಿದ ರೀತಿ ಬೇರೆ ಬೇರೆ, ಆದರೆ ಎಲ್ಲರಿಗೂ ಬೇಕಾದ ಉತ್ತರ ಒಂದೇ ಜಾಗದಲ್ಲಿದೆ. ಬ್ಯಾಕ್ಟೀರಿಯಾ ಬಿಡುವ ವಿಷ, ಅಂದರೆ ಟಾಕ್ಸಿನ್, ನಮ್ಮ ಕರುಳಿನ ಗೋಡೆಗೆ ಏನು ಮಾಡುತ್ತದೆ ಅನ್ನುವುದು. ಮುಂಬೈಯ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡಿ ನಿವೃತ್ತಳಾದವಳು ನಾನು. ಈ ವಿಷಯ ಬಂದರೆ ನನಗೆ ಚಿಕ್ಕದಾಗಿ ಹೇಳುವುದು ಕಷ್ಟ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಹೋದ ವಾರ ನಮ್ಮ ವಿಂಗ್‌ನ ಹತ್ತು ಮನೆಯವರಿಗೆ ಲೂಸ್ ಮೋಷನ್ ಆಯಿತು. ನನ್ನ ಎಂಟು ವರ್ಷದ ಮಗನಿಗೆ ಒಂದೇ ದಿನ ಹದಿನೈದು ಸಲ, ಬರೀ ನೀರು. ಡಾಕ್ಟರು ‘ಟಾಕ್ಸಿನ್’ ಅಂದರು. ಅವನು ಕುಡಿದದ್ದೇ ಎರಡು ಲೋಟ, ಅಷ್ಟೊಂದು ನೀರು ಎಲ್ಲಿಂದ ಬಂತು? ನಮ್ಮ ಅತ್ತೆ, ನೀರು ಕೊಡಬೇಡ, ಕುಡಿದಷ್ಟೂ ಹೋಗುತ್ತೆ ಅಂತಾರೆ. ನಿಜವಾ? (ಗೃಹಿಣಿ, ಡೊಂಬಿವಲಿ)

ಉತ್ತರ: ಮೊದಲು ನಿಮ್ಮ ಕೊನೆಯ ಮಾತಿಗೆ ಉತ್ತರ. ನೀರು ಕೊಡಲೇಬೇಕು. ಬರೀ ನೀರಲ್ಲ, ಓಆರ್‌ಎಸ್ ಕೊಡಬೇಕು. ನಿಮ್ಮ ಅತ್ತೆಯವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ, ಅವರ ಕಾಲದಲ್ಲಿ ಎಲ್ಲರೂ ಹಾಗೇ ನಂಬಿದ್ದರು. ನಾನು ಚಿಕ್ಕವಳಿದ್ದಾಗ ನಮ್ಮ ಪರೇಲ್ ಚಾಳಿನಲ್ಲಿ ನನ್ನ ತಮ್ಮನಿಗೂ ಎರಡು ದಿನ ಹನಿ ನೀರು ಕೊಡದೆ ಮಲಗಿಸಿದ್ದರು. ಮೂರನೇ ದಿನ ಅವನ ಕಣ್ಣು ಒಳಗೆ ಹೋಗಿ, ಕರೆದರೂ ಓಗೊಡದೆ ಇದ್ದಾಗ ಪಕ್ಕದ ಖೋಲಿಯವರು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅವನು ಉಳಿದ. ಆ ಚಾಳಿನಲ್ಲಿ ಉಳಿಯದ ಮಕ್ಕಳೂ ಇದ್ದರು. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ಈಗ ನೀರು ಎಲ್ಲಿಂದ ಬಂತು ಅನ್ನುವುದು. ನಿಮ್ಮ ಬಾತ್‌ರೂಮಿನ ಗೋಡೆ ನೋಡಿ. ಟೈಲ್ಸ್ ಇದೆ, ಎರಡು ಟೈಲ್ಸ್ ನಡುವಿನ ಸಂದಿಗೆ ಬಿಳಿ ಸಿಮೆಂಟ್ ತುಂಬಿದೆ. ಆ ಸಿಮೆಂಟ್ ಉದುರಿದರೆ ಏನಾಗುತ್ತದೆ ಅಂತ ಮುಂಬೈಯವರಿಗೆ ಹೇಳಿಕೊಡಬೇಕಾಗಿಲ್ಲ, ಕೆಳಗಿನ ಫ್ಲ್ಯಾಟಿನವರು ಲೀಕೇಜ್ ಅಂತ ಬಾಗಿಲು ತಟ್ಟುತ್ತಾರೆ. ಕರುಳಿನ ಒಳಪದರವೂ ಹೀಗೇ. ಅದರಲ್ಲಿ ಒಂದೇ ಒಂದು ಸಾಲು ಜೀವಕೋಶಗಳಿವೆ, ಅವೇ ಟೈಲ್ಸ್. ಒಂದು ಕೂದಲಿನಷ್ಟೂ ದಪ್ಪ ಇಲ್ಲ. ಆದರೆ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್ ಆಗುತ್ತದೆ, ನಮ್ಮೂರಿನ ಒಂದು ಒನ್ ಆರ್‌ಕೆ ಮನೆಯಷ್ಟು. ಕೋಶ ಕೋಶದ ನಡುವಿನ ಸಂದನ್ನು ಬಿಗಿಯಾಗಿ ಮುಚ್ಚುವ ಜಾಗಕ್ಕೆ ಟೈಟ್ ಜಂಕ್ಷನ್ ಅನ್ನುತ್ತಾರೆ, ಅದೇ ನಮ್ಮ ಬಿಳಿ ಸಿಮೆಂಟ್. ಅದು ಯಾವುದರಿಂದ ಆಗಿದೆ ಅಂತ ತುಂಬಾ ಕಾಲ ಗೊತ್ತಿರಲಿಲ್ಲ. ಜಪಾನಿನ ಶೋಇಚಿರೋ ತ್ಸುಕಿತಾ ಅವರ ತಂಡ 1993ರಲ್ಲಿ ಆಕ್ಲೂಡಿನ್, 1998ರಲ್ಲಿ ಕ್ಲಾಡಿನ್ ಅನ್ನುವ ಪ್ರೋಟೀನುಗಳನ್ನು ಕಂಡುಹಿಡಿಯಿತು. ಕ್ಲಾಡಿನ್ ಅಂದರೆ ಲ್ಯಾಟಿನ್ ಮೂಲದಲ್ಲಿ ಮುಚ್ಚುವುದು ಅಂತಲೇ ಅರ್ಥ. ಈ ಹೆಸರು ನೆನಪಿಡಿ, ಮುಂದಿನ ಪ್ರಶ್ನೆಗೆ ಬೇಕು. ಬಾತ್‌ರೂಮಿನ ಸಿಮೆಂಟಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇದಕ್ಕೆ ಜೀವ ಇದೆ. ಕೋಶದ ಒಳಗಿನ ಆಕ್ಟಿನ್ ಅನ್ನುವ ಹಗ್ಗಗಳು ಇದನ್ನು ಒಳಗಿನಿಂದ ಎಳೆದು ಹಿಡಿದಿರುತ್ತವೆ, ಬೇಕಾದಾಗ ಬಿಗಿ ಮಾಡುತ್ತವೆ, ಬೇಕಾದಾಗ ಸ್ವಲ್ಪ ಸಡಿಲ ಬಿಡುತ್ತವೆ.

ದೊಡ್ಡವರ ಕರುಳಿಗೆ ದಿನಕ್ಕೆ ಎಂಟು-ಒಂಬತ್ತು ಲೀಟರ್ ನೀರು ಬರುತ್ತದೆ ಅಂದರೆ ನಂಬುತ್ತೀರಾ? ನಾವು ಕುಡಿಯುವುದು ಎರಡು ಲೀಟರ್ ಇರಬಹುದು, ಉಳಿದದ್ದೆಲ್ಲ ಜೊಲ್ಲು, ಜಠರದ ರಸ, ಪಿತ್ತ, ಕರುಳಿನದೇ ರಸ. ಅಷ್ಟನ್ನೂ ಕರುಳು ವಾಪಸ್ ಹೀರಿಕೊಂಡು ಕೊನೆಗೆ ಒಂದು ಲೋಟದಷ್ಟನ್ನು ಮಾತ್ರ ಹೊರಗೆ ಬಿಡುತ್ತದೆ. ಟಾಕ್ಸಿನ್ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ನಿಮ್ಮ ಮಗನಿಂದ ಹೋದದ್ದು ಅವನು ಕುಡಿದ ಎರಡು ಲೋಟ ಅಲ್ಲ. ಅವನ ಮೈಯ ನೀರು, ರಕ್ತದಲ್ಲಿದ್ದ ನೀರು.

ಇದು ನಡೆಯುವ ರೀತಿಯನ್ನು ನಮಗೆ ಮೊದಲು ತೋರಿಸಿದವರು ಕೋಲ್ಕತ್ತದ ಶಂಭುನಾಥ ಡೇ. 1959ರಲ್ಲಿ ಅವರು ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಅದರಲ್ಲಿ ಒಂದೂ ಬ್ಯಾಕ್ಟೀರಿಯಾ ಉಳಿಯದ ಹಾಗೆ ಮಾಡಿ, ಆ ತಿಳಿಯನ್ನು ಮೊಲದ ಕರುಳಿನ ಕಟ್ಟಿದ ತುಂಡಿನೊಳಗೆ ಹಾಕಿದರು. ಕರುಳು ನೀರು ತುಂಬಿ ಬಲೂನಿನ ಹಾಗೆ ಊದಿತು. ಅಂದರೆ ಕೆಲಸ ಮಾಡುವುದು ರೋಗಾಣು ಬಿಡುವ ವಿಷ, ರೋಗಾಣು ಅಲ್ಲೇ ಇರಬೇಕು ಅಂತಿಲ್ಲ. ಇಷ್ಟು ದೊಡ್ಡ ಕೆಲಸ ಮಾಡಿದ ಮನುಷ್ಯನಿಗೆ ಬದುಕಿದ್ದಾಗ ನಮ್ಮ ದೇಶದಲ್ಲಿ ಸಿಗಬೇಕಾದ ಗೌರವ ಸಿಗಲಿಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ.

ಕಾಲರಾ ಟಾಕ್ಸಿನ್ ಟೈಲ್ಸ್ ಒಡೆಯುವುದಿಲ್ಲ. ಅದು ನಲ್ಲಿ ತಿರುಗಿಸುತ್ತದೆ. ಕೋಶದ ಮೈಮೇಲೆ ಜಿಎಂ1 ಅನ್ನುವ ಒಂದು ಕೊಬ್ಬಿನ ಅಣು ಇದೆ, ಟಾಕ್ಸಿನ್‌ನ ಐದು ತುಂಡುಗಳು ಸೇರಿ ಅದನ್ನು ಹಿಡಿದುಕೊಳ್ಳುತ್ತವೆ, ಆರನೆಯ ತುಂಡು ಒಳಗೆ ನುಗ್ಗಿ ಕೋಶದ ಒಂದು ಸ್ವಿಚ್ಚನ್ನು ‘ಆನ್’ ಮಾಡಿ ಹಾಗೇ ಜಾಮ್ ಮಾಡಿಬಿಡುತ್ತದೆ. ಆಮೇಲೆ ಕೋಶದ ಕ್ಲೋರೈಡ್ ಬಾಗಿಲು ಮುಚ್ಚುವುದೇ ಇಲ್ಲ. ಕ್ಲೋರೈಡ್ ಹೊರಗೆ ಹೋಗುತ್ತದೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಜೋರಾದ ಕಾಲರಾದಲ್ಲಿ ದೊಡ್ಡವರಿಗೆ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು, ಅಕ್ಕಿ ತೊಳೆದ ನೀರಿನ ಹಾಗೆ. ಕಾಲರಾ ರೋಗಾಣು ಇಷ್ಟಕ್ಕೇ ಬಿಡುವುದಿಲ್ಲ. ಸಿಮೆಂಟನ್ನು ಸಡಿಲ ಮಾಡುವ ಬೇರೆ ಆಯುಧಗಳೂ ಅದರ ಬಳಿ ಇವೆ, ಒಂದು ಎಂಜೈಮ್ ಆಕ್ಲೂಡಿನ್ ಅನ್ನೇ ಕತ್ತರಿಸುತ್ತದೆ. ನಮ್ಮಲ್ಲಿ ಕಾಲರಾಕ್ಕಿಂತ ಜಾಸ್ತಿ ಕಾಣುವುದು ಅದರ ತಮ್ಮ ಅನ್ನಬಹುದಾದ, ಇ. ಕೋಲೈ (E. coli) ಅನ್ನುವ ಬ್ಯಾಕ್ಟೀರಿಯಾದ ಒಂದು ಬಗೆ. ಅದರ ಟಾಕ್ಸಿನ್ ಹೆಚ್ಚುಕಮ್ಮಿ ಅದೇ ಸ್ವಿಚ್ಚನ್ನೇ ಒತ್ತುತ್ತದೆ.

ಹಾಗಾದರೆ ಓಆರ್‌ಎಸ್ ಯಾಕೆ ಕೆಲಸ ಮಾಡುತ್ತದೆ? ಟಾಕ್ಸಿನ್ ಹೊರಗೆ ಹೋಗುವ ನಲ್ಲಿಯನ್ನು ತೆರೆಯುತ್ತದೆ, ಆದರೆ ಒಳಗೆ ಬರುವ ಇನ್ನೊಂದು ಬಾಗಿಲನ್ನು ಮುಟ್ಟುವುದೇ ಇಲ್ಲ. ಆ ಬಾಗಿಲು ಒಂಟಿಯಾಗಿ ಬಂದ ಉಪ್ಪಿಗೆ ತೆಗೆಯುವುದಿಲ್ಲ, ಸಕ್ಕರೆಗೂ ತೆಗೆಯುವುದಿಲ್ಲ. ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಬಂದರೆ ಎರಡನ್ನೂ ಒಳಗೆ ಬಿಡುತ್ತದೆ, ಅವುಗಳ ಹಿಂದೆ ನೀರೂ ಬರುತ್ತದೆ. ಅದಕ್ಕೇ ಬರೀ ನೀರು ಸಾಲದು, ಬರೀ ಶರಬತ್ತು ಆಗದು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿ ಮುಗಿದಾಗ ಡಾಕ್ಟರ್ ದಿಲೀಪ್ ಮಹಾಲನಾಬಿಸ್ ಈ ಉಪ್ಪು-ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಮನೆಯವರ ಕೈಗೇ ಕೊಟ್ಟರು. ನೂರಕ್ಕೆ 30ರ ಆಸುಪಾಸು ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು.

ಪ್ಯಾಕೆಟ್ ಮೇಲೆ ಡಬ್ಲ್ಯೂಎಚ್‌ಒ ಸೂತ್ರ ಅಂತ ಬರೆದದ್ದನ್ನೇ ತನ್ನಿ. ಅದರ ಮೇಲೆ ಹೇಳಿದಷ್ಟೇ ನೀರು ಹಾಕಿ, ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಬೆರೆಸಬೇಡಿ. ಹಣ್ಣಿನ ರುಚಿಯ ಡಬ್ಬಿ ಪಾನೀಯಗಳಿಗೆ ಓಆರ್‌ಎಸ್ ಅನ್ನುವ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿದೆ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಸಕ್ಕರೆ ಜಾಸ್ತಿಯಾದರೆ ಅದು ಕರುಳಿನೊಳಕ್ಕೆ ಇನ್ನಷ್ಟು ನೀರು ಎಳೆಯುತ್ತದೆ. ಅಂಗಡಿ ಮುಚ್ಚಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಿಮ್ಮ ಮಗನ ವಯಸ್ಸಿನವರಿಗೆ ಪ್ರತಿ ಸಲ ಹೋದ ಮೇಲೆ 100ರಿಂದ 200 ಮಿಲಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ. ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಮೂತ್ರ ಆಗದಿದ್ದರೆ, ಮಂಕಾಗಿ ಮಲಗಿದರೆ, ಹೊಟ್ಟೆಯ ಚರ್ಮ ಹಿಡಿದು ಬಿಟ್ಟಾಗ ತಕ್ಷಣ ಕೆಳಗೆ ಕೂರದಿದ್ದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ. ಹತ್ತು ಮನೆಗೆ ಒಟ್ಟಿಗೆ ಆಗಿದೆ ಅಂದರೆ ಮೊದಲ ಅನುಮಾನ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ. ಡ್ರೈನೇಜ್ ಪೈಪು ಅದರ ಪಕ್ಕ ಹೋಗಿದೆಯಾ ಅಂತ ಸೊಸೈಟಿಯವರು ಇವತ್ತೇ ನೋಡಬೇಕು, ಮೀಟಿಂಗ್ ಕರೆಯುವವರೆಗೆ ಕಾಯಬಾರದು.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನದು ಕ್ಯಾಟರಿಂಗ್. ನಮ್ಮವರದೇ ಒಂದು ಫಂಕ್ಷನ್‌ಗೆ ಹಿಂದಿನ ರಾತ್ರಿಯೇ ದೊಡ್ಡ ಕೊಪ್ಪರಿಗೆಯಲ್ಲಿ ಕೋರಿ ಗಸಿ ಮಾಡಿ ಮುಚ್ಚಿಟ್ಟಿದ್ದೆವು. ಮರುದಿನ ಬಿಸಿ ಮಾಡಿಯೇ ಬಡಿಸಿದ್ದು. ಊಟ ಮಧ್ಯಾಹ್ನ ಒಂದು ಗಂಟೆಗೆ. ರಾತ್ರಿ ಹನ್ನೊಂದರ ಮೇಲೆ ಒಬ್ಬೊಬ್ಬರಾಗಿ ಫೋನ್, ಹೊಟ್ಟೆ ನುಲಿತ, ಭೇದಿ. ಮರುದಿನ ಸಂಜೆಗೆ ಎಲ್ಲರೂ ಸರಿಯಾದರು. ಮಸಾಲೆ ಒಳ್ಳೆಯದೇ, ಕೋಳಿ ತಾಜಾ. ತಪ್ಪು ಎಲ್ಲಾಯಿತು? (ಕ್ಯಾಟರರ್, ಮೀರಾರೋಡ್)

ಉತ್ತರ: ಶೆಟ್ರೇ, ನೀವು ಗಂಟೆ ಸಮೇತ ಬರೆದದ್ದು ದೊಡ್ಡ ಉಪಕಾರ. ಊಟವಾಗಿ ಹತ್ತು ಗಂಟೆಯ ನಂತರ ನುಲಿತ ಮತ್ತು ಭೇದಿ, ವಾಂತಿ, ಜ್ವರದ ಮಾತಿಲ್ಲ, ಒಂದು ದಿನದಲ್ಲಿ ಮುಗಿಯಿತು. ಈ ಗುರುತುಗಳೆಲ್ಲ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಹೊಂದುತ್ತವೆ.

ಇದಕ್ಕೆ ಬೀಜದಂಥ ಒಂದು ರೂಪ ಇದೆ, ಸ್ಪೋರ್ ಅನ್ನುತ್ತಾರೆ. ಗಸಿ ಎಷ್ಟು ಕುದ್ದರೂ ಸ್ಪೋರ್ ಸಾಯುವುದಿಲ್ಲ. ಕುದಿಯುವಾಗ ಬೇರೆ ಬ್ಯಾಕ್ಟೀರಿಯಾಗಳು ಸತ್ತು, ಸಾರಿನೊಳಗಿನ ಗಾಳಿಯೂ ಹೋಗಿ, ಇದಕ್ಕೆ ಜಾಗ ಖಾಲಿಯಾಗುತ್ತದೆ. ಇದಕ್ಕೆ ಗಾಳಿ ಬೇಡವೇ ಬೇಡ. ದೊಡ್ಡ ಕೊಪ್ಪರಿಗೆ, ದಪ್ಪ ಗಸಿ, ಮೇಲೆ ಎಣ್ಣೆ, ಅದರ ಮೇಲೆ ಮುಚ್ಚಳ. ನಡುವಿನ ಭಾಗ ಗಂಟೆಗಟ್ಟಲೆ ಉಗುರು ಬೆಚ್ಚಗೇ ಇರುತ್ತದೆ. 43ರಿಂದ 46 ಡಿಗ್ರಿಯಲ್ಲಿ ಇದು ಹತ್ತೇ ನಿಮಿಷಕ್ಕೆ ಎರಡು ಪಟ್ಟಾಗುತ್ತದೆ. ಬ್ಯಾಕ್ಟೀರಿಯಾಗಳಲ್ಲೇ ಇಷ್ಟು ಬೇಗ ಬೆಳೆಯುವಂಥವು ತೀರಾ ಕಡಿಮೆ. ರಾತ್ರಿ ಹತ್ತಕ್ಕೆ ನೂರು ಇದ್ದದ್ದು ಬೆಳಗಿನ ಹೊತ್ತಿಗೆ ಎಷ್ಟಾಗಿರುತ್ತದೆ ನೀವೇ ಲೆಕ್ಕ ಹಾಕಿ. ಮರುದಿನ ಬಿಸಿ ಮಾಡಿದ್ದೀರಿ ಸರಿ, ಆದರೆ ಅಂಚಿನಲ್ಲಿ ಗುಳ್ಳೆ ಬಂದರೆ ನಡುವೆ ಕುದ್ದಿದೆ ಅಂತಲ್ಲ. ಅಡಿಯಿಂದ ಮೇಲಿನವರೆಗೆ ತಿರುವಿ, ನಡುವೆಯೂ ಕೊತಕೊತ ಕುದಿಸಿದ್ದರೆ ಬೆಳೆದ ಬ್ಯಾಕ್ಟೀರಿಯಾ ಸಾಯುತ್ತಿತ್ತು.

ಇನ್ನು ಹೊಟ್ಟೆಯೊಳಗಿನ ಕಥೆ. ಈ ಬ್ಯಾಕ್ಟೀರಿಯಾ ಜೀವಂತವಾಗಿ ಸಣ್ಣ ಕರುಳಿಗೆ ಬಂದು ಅಲ್ಲಿ ಮತ್ತೆ ಸ್ಪೋರ್ ಆಗಲು ಹೊರಡುತ್ತದೆ, ಆಗ ತನ್ನ ಮೈ ಒಡೆದುಕೊಂಡು ಟಾಕ್ಸಿನ್ ಚೆಲ್ಲುತ್ತದೆ. ಅದಕ್ಕೇ ಹತ್ತು ಗಂಟೆ ತಡ. ಮೇಲೆ ಕ್ಲಾಡಿನ್ ಹೆಸರು ನೆನಪಿಡಿ ಅಂದಿದ್ದೆ, ಅಲ್ವಾ? ಈ ಟಾಕ್ಸಿನ್‌ಗೆ ಹಿಡಿಕೆ ಆಗುವುದೇ ಕ್ಲಾಡಿನ್, ಅದರಲ್ಲೂ ಮೂರನೇ ಮತ್ತು ನಾಲ್ಕನೇ ಬಗೆ. ಮನೆ ಕಾಯಲು ಹಾಕಿದ ಚಿಲಕವನ್ನೇ ಕಳ್ಳ ಹಿಡಿದುಕೊಂಡು ಹತ್ತಿದ ಹಾಗೆ. ಆರು ಟಾಕ್ಸಿನ್ ಅಣುಗಳು ಉಂಗುರದ ಹಾಗೆ ಸೇರಿ ಕೋಶದ ಮೈಗೆ ತೂತು ಕೊರೆಯುತ್ತವೆ, ಆ ತೂತಿನಿಂದ ಕ್ಯಾಲ್ಸಿಯಂ ಒಳಗೆ ನುಗ್ಗಿ ಕೋಶ ಸಾಯುತ್ತದೆ. ಒಂದು ಟೈಲ್ ಬಿದ್ದರೆ ಪಕ್ಕದ ಸಿಮೆಂಟೂ ಕಿತ್ತು ಬರುತ್ತದೆ. ಕಾಲರಾ ಟಾಕ್ಸಿನ್ ನಲ್ಲಿ ಮಾತ್ರ ತೆರೆದಿತ್ತು, ಇಲ್ಲಿ ಗೋಡೆಯೇ ಸೋರುತ್ತದೆ.

ಇದನ್ನು ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಜೊತೆ, ಕೈಯ ಗಾಯದಿಂದ ಸಿಹಿತಿಂಡಿಗೆ ಬರುವ ಸ್ಟ್ಯಾಫಿಲೋಕಾಕಸ್ ಜೊತೆ ಕಲೆಸಬೇಡಿ. ಅವು ವಾಂತಿಯ ವಿಷವನ್ನು ಆಹಾರದಲ್ಲೇ ಮಾಡಿಟ್ಟಿರುತ್ತವೆ, ಉಂಡು ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅಲ್ಲಿ ಚೆಲ್ಲುವುದೊಂದೇ ದಾರಿ.

ಮುಂದೆ ಏನು ಮಾಡಬೇಕು? ಅದೇ ದಿನ ಅಡಿಗೆ ಮಾಡಿ, 60 ಡಿಗ್ರಿಗಿಂತ ಮೇಲೆ ಬಿಸಿ ಇಟ್ಟು ಬಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಹಿಂದಿನ ದಿನ ಮಾಡಲೇಬೇಕು ಅಂದರೆ ಕೊಪ್ಪರಿಗೆಯಲ್ಲಿ ಬಿಡಬೇಡಿ, ನಾಲ್ಕು ಬೆರಳಿಗಿಂತ ಆಳ ಇಲ್ಲದ ತಟ್ಟೆಗಳಿಗೆ ಸುರಿದು, ಐಸ್ ನೀರಿನ ಮೇಲೆ ಇಟ್ಟು, ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಸಿ ಫ್ರಿಜ್ಜಿಗೆ ಹಾಕಿ. ಅಡಿಗೆಗೆ ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಕೊಂಡುಕೊಳ್ಳಿ. ಕೈ ಹಾಕಿ ನೋಡಿ ಗೊತ್ತಾಗುವ ವಿಷಯ ಅಲ್ಲ ಇದು.

ಪ್ರಶ್ನೆ: ನಾನಿರುವುದು ಪುಣೆಯ ಸಿಂಹಗಡ ರಸ್ತೆಯಲ್ಲಿ. 2025ರ ಜನವರಿಯಲ್ಲಿ ಇಲ್ಲಿ ಜಿಬಿಎಸ್ (ಗಿಲ್ಲನ್-ಬಾರೆ ಸಿಂಡ್ರೋಮ್, ನರಗಳಿಗೆ ಪೆಟ್ಟಾಗಿ ಕೈಕಾಲಿನ ಬಲ ಹೋಗುವ ಕಾಯಿಲೆ) ಹಬ್ಬಿದಾಗ ಪಕ್ಕದ ಬಿಲ್ಡಿಂಗಿನ ಹುಡುಗನಿಗೆ ಮೊದಲು ಭೇದಿ, ಆಮೇಲೆ ಕಾಲೇ ಏಳಲಿಲ್ಲ. ಈಗ ನನಗೆ ಎರಡು ಸಲ ಲೂಸ್ ಮೋಷನ್ ಆದರೂ ಕಾಲು ಜುಮ್ಮೆಂದ ಹಾಗೆ ಅನಿಸುತ್ತದೆ. ಹೊಟ್ಟೆಯ ರೋಗಾಣು ಕಾಲಿಗೆ ಹೇಗೆ ಹೋಗುತ್ತದೆ? (ಐಟಿ ಉದ್ಯೋಗಿ, ಪುಣೆ)

ಉತ್ತರ: ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಆ ತಿಂಗಳು ಪುಣೆಯಲ್ಲಿ ಎಷ್ಟು ಜನ ನೀರು ಕುಡಿಯಲೂ ಹೆದರಿದ್ದರು. ಒಂದು ಸಮಾಧಾನ ಮೊದಲೇ ಹೇಳುತ್ತೇನೆ. ರೋಗಾಣು ಕಾಲಿಗೆ ಹೋಗುವುದಿಲ್ಲ.

ಆಗ ರೋಗಿಗಳ ಮಲದಲ್ಲಿ ಸಿಕ್ಕಿದ್ದರಲ್ಲಿ ಮುಖ್ಯವಾದದ್ದು ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ. ಇದು ಸ್ಕ್ರೂ ಹಾಗೆ ತಿರುಚಿಕೊಂಡಿರುವ ಬ್ಯಾಕ್ಟೀರಿಯಾ, ಕೊಳೆ ಸೇರಿದ ನೀರಿನಿಂದ, ಸರಿಯಾಗಿ ಬೇಯದ ಕೋಳಿಯಿಂದ ಬರುತ್ತದೆ. ಇದು ಒಂದು ಕತ್ತರಿ ಹಿಡಿದುಕೊಂಡೇ ಬರುತ್ತದೆ. ಎಚ್‌ಟಿಆರ್‌ಎ ಅನ್ನುವ ಎಂಜೈಮ್ ಅದು, ಟೈಲ್ಸ್ ನಡುವಿನ ಆಕ್ಲೂಡಿನ್ ಅನ್ನು, ಒಂದು ಬಗೆಯ ಕ್ಲಾಡಿನ್ ಅನ್ನು ಕತ್ತರಿಸಿ, ಸಂದಿನಲ್ಲೇ ದಾರಿ ಮಾಡಿಕೊಂಡು ಗೋಡೆಯ ಹಿಂದಕ್ಕೆ ನುಸುಳುತ್ತದೆ. ಇದರ ಟಾಕ್ಸಿನ್ ಬೇರೆ ಇದೆ. ಅದು ಕೋಶದ ಡಿಎನ್‌ಎಯನ್ನೇ ಮುರಿಯುತ್ತದೆ, ಕೋಶ ಒಡೆದು ಎರಡಾಗುವುದು ನಿಂತುಹೋಗುತ್ತದೆ. ಅಂದರೆ ಹಳೆ ಟೈಲ್ ಬಿದ್ದ ಜಾಗಕ್ಕೆ ಹೊಸ ಟೈಲ್ ಬರುವುದೂ ತಡವಾಗುತ್ತದೆ.

ಗೋಡೆ ದಾಟಿ ಬಂದದ್ದನ್ನು ನಮ್ಮ ದೇಹ ಸುಮ್ನೆ ಬಿಡುವುದಿಲ್ಲ. ಅದರ ಹೊರಕವಚ ನೋಡಿಕೊಂಡು ಆಂಟಿಬಾಡಿ ತಯಾರಿಸುತ್ತದೆ. ಕೆಲವು ತಳಿಗಳ ಹೊರಕವಚ ನಮ್ಮ ನರಗಳ ಮೇಲಿನ ಜಿಎಂ1 ಅಣುವಿನ ಪಡಿಯಚ್ಚಿನ ಹಾಗಿರುತ್ತದೆ. ಹೌದು, ಡೊಂಬಿವಲಿಯವರಿಗೆ ಹೇಳಿದೆನಲ್ಲ, ಕಾಲರಾ ಟಾಕ್ಸಿನ್ ಹಿಡಿದುಕೊಳ್ಳುವ ಅದೇ ಜಿಎಂ1. ಆಂಟಿಬಾಡಿಗೆ ಎರಡರ ವ್ಯತ್ಯಾಸ ಗೊತ್ತಾಗದೆ ನರವನ್ನೇ ಹೊಡೆಯುತ್ತದೆ. ಕಾಲು ಏಳದಿರುವುದಕ್ಕೆ ಕಾರಣ ಅದು.

ಆದರೆ ಈ ಸೋಂಕಾದ ಎಲ್ಲರಿಗೂ ಹೀಗಾಗುವುದಿಲ್ಲ, ಸಾವಿರಕ್ಕೆ ಒಬ್ಬರ ಲೆಕ್ಕ ಇಟ್ಟುಕೊಳ್ಳಿ. ಭೇದಿ ಆದ ದಿನವೇ ಆಗುವುದೂ ಅಲ್ಲ, ಒಂದರಿಂದ ಮೂರು ವಾರದ ನಂತರ. ಜುಮ್ಮೆನ್ನುವುದು ಎರಡೂ ಪಾದದಿಂದ ಶುರುವಾಗಿ ಮೇಲೆ ಹತ್ತುತ್ತಾ ಬಂದರೆ, ಮೆಟ್ಟಿಲು ಹತ್ತುವುದು ದಿನದಿಂದ ದಿನಕ್ಕೆ ಕಷ್ಟವಾದರೆ, ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ ಅದೇ ಗಂಟೆಗೆ ದೊಡ್ಡ ಆಸ್ಪತ್ರೆಗೆ ಹೋಗಿ. ಟ್ಯಾಂಕರ್ ನೀರಾಗಲಿ ಬಾವಿ ನೀರಾಗಲಿ, ಗುಳ್ಳೆ ಎದ್ದು ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿ. ಕೋಳಿ ತೊಳೆದ ನೀರು ಸಿಂಕಿನಿಂದ ಹಸಿ ತರಕಾರಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಡಾಕ್ಟರ್ ಅಕ್ಕಾರ, ನಮ್ಮೂರು ಗದಗ, ಇಪ್ಪತ್ತು ವರ್ಷದಿಂದ ವಾಸ್ಕೋದಲ್ಲಿದ್ದೇವೆ. ನಮ್ಮಪ್ಪನಿಗೆ 71 ವರ್ಷ. ಹಲ್ಲಿನ ಕೀವಿಗೆ ಆಂಟಿಬಯಾಟಿಕ್ ತಗೊಂಡರು, ವಾರದ ಮೇಲೆ ಭೇದಿ ಶುರುವಾಯಿತು. ಮೆಡಿಕಲ್‌ನಿಂದ ನಿಲ್ಲಿಸುವ ಮಾತ್ರೆ ತಂದೆ, ಹೊಟ್ಟೆ ಉಬ್ಬಿ ಇನ್ನೂ ಜಾಸ್ತಿ ಆಯಿತು. ಈಗ ಆಸ್ಪತ್ರೆಯಲ್ಲಿ ಸಿ. ಡಿಫ್ ಅಂತಾರೆ, ಮತ್ತೆ ಆಂಟಿಬಯಾಟಿಕ್ಕೇ ಕೊಡ್ತಾರಂತೆ. ಇದೆಂಥ ನ್ಯಾಯ? (ವಾಸ್ಕೋ, ಗೋವಾ)

ಉತ್ತರ: ತಮ್ಮಾ, ನಿನ್ನ ತಪ್ಪು ಅಂತ ಕೊರಗಬೇಡ. ನಿಲ್ಲಿಸುವ ಮಾತ್ರೆ ಕೇಳಿದರೆ ಯಾರು ಬೇಕಾದರೂ ಕೊಡುತ್ತಾರೆ, ಯಾಕೆ ಭೇದಿ ಆಯಿತು ಅಂತ ಯಾರೂ ಕೇಳುವುದಿಲ್ಲ.

ಸಿ. ಡಿಫ್ ಅಂದರೆ ಕ್ಲಾಸ್ಟ್ರಿಡಿಯಂ ಡಿಫಿಸಿಲಿ ಅನ್ನುವ ಬ್ಯಾಕ್ಟೀರಿಯಾ, ಈಗಿನ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲಿ. ಆಂಟಿಬಯಾಟಿಕ್ ನಂತರದ ಕರುಳಿನ ಉರಿಗೆ ಇದೇ ಕಾರಣ ಅಂತ ಗೊತ್ತಾದದ್ದು 1978ರಲ್ಲಿ. ದೊಡ್ಡ ಕರುಳಿನಲ್ಲಿ ಕೋಟ್ಯಂತರ ಒಳ್ಳೆಯ ಬ್ಯಾಕ್ಟೀರಿಯಾ ಇರುವಾಗ ಇದು ತಲೆ ಎತ್ತುವುದಿಲ್ಲ. ಹಲ್ಲಿನ ಮದ್ದು ಅವುಗಳನ್ನೂ ಕೊಂದಿತು, ಇದು ಎದ್ದಿತು. ಇದರ ಎ ಮತ್ತು ಬಿ ಅನ್ನುವ ಎರಡು ಟಾಕ್ಸಿನ್ ಕೆಲಸ ಮಾಡುವ ರೀತಿ ಮೇಲಿನ ಯಾವುದರ ಹಾಗೂ ಅಲ್ಲ. ಕೋಶದೊಳಗೆ ಆಕ್ಟಿನ್ ಹಗ್ಗಗಳು ಸಿಮೆಂಟನ್ನು ಎಳೆದು ಹಿಡಿದಿವೆ ಅಂದೆನಲ್ಲ, ಆ ಹಗ್ಗಗಳಿಗೆ ಒಬ್ಬ ಮೇಸ್ತ್ರಿ ಇದ್ದಾನೆ, ರೋ ಅನ್ನುವ ಪ್ರೋಟೀನುಗಳ ಗುಂಪು. ಟಾಕ್ಸಿನ್ ಒಳಗೆ ಹೋಗಿ ಆ ಮೇಸ್ತ್ರಿಗೆ ಒಂದು ಗ್ಲೂಕೋಸ್ ಅಣು ಅಂಟಿಸುತ್ತದೆ. ಅಷ್ಟೇ. ಮೇಸ್ತ್ರಿ ಕೆಲಸ ನಿಲ್ಲಿಸುತ್ತಾನೆ, ಹಗ್ಗಗಳು ಕಳಚುತ್ತವೆ, ಚೌಕವಾಗಿದ್ದ ಕೋಶ ಮುದುಡಿ ಗುಂಡಗಾಗುತ್ತದೆ, ಸಂದು ಬಾಯಿ ತೆರೆಯುತ್ತದೆ. ಗುಂಡು ಟೈಲ್ಸ್ ಜೋಡಿಸಿ ಗೋಡೆ ಮಾಡಲಾಗುತ್ತದೆಯೇ?

ನಿಲ್ಲಿಸುವ ಮಾತ್ರೆ ಯಾಕೆ ಕೆಟ್ಟದ್ದು ಅಂತ ಇದರಲ್ಲೇ ಉತ್ತರ ಇದೆ. ಅದು ಟಾಕ್ಸಿನ್ ತಡೆಯುವುದಿಲ್ಲ, ಕರುಳಿನ ಚಲನೆ ತಡೆಯುತ್ತದೆ. ವಿಷ ಹೊರಗೆ ಹೋಗದೆ ಅಲ್ಲೇ ನಿಲ್ಲುತ್ತದೆ. ಮತ್ತೆ ಆಂಟಿಬಯಾಟಿಕ್ ಯಾಕೆ ಅಂದರೆ, ಈಗ ಬೇಕಾಗಿರುವುದು ಈ ಒಂದನ್ನೇ ಹೊಡೆಯುವ ಮದ್ದು. ಸಾಮಾನ್ಯವಾಗಿ ವ್ಯಾಂಕೋಮೈಸಿನ್ ಕೊಡುತ್ತಾರೆ, ಅದೂ ಬಾಯಿಂದ. ಬಾಯಿಂದ ಕೊಟ್ಟರೆ ಅದು ರಕ್ತಕ್ಕೆ ಹೋಗದೆ ಕರುಳಿನಲ್ಲೇ ಉಳಿದು ಕೆಲಸ ಮಾಡುತ್ತದೆ. ಅದನ್ನು ಅಪ್ಪ ಪೂರ್ತಿ ಮುಗಿಸಲಿ. ಹಲ್ಲಿನ ಹಳೆ ಮದ್ದು ಇನ್ನೂ ನಡೆಯುತ್ತಿದ್ದರೆ ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳು. ಅವರನ್ನು ನೋಡಿಕೊಳ್ಳುವಾಗ ಕೈಗೆ ಸ್ಯಾನಿಟೈಸರ್ ಸಾಲದು, ಇದರ ಸ್ಪೋರ್ ಅದಕ್ಕೆ ಸಾಯುವುದಿಲ್ಲ, ಸೋಪು ಹಚ್ಚಿ ಉಜ್ಜಿ ತೊಳೆಯಬೇಕು. ಶೌಚಾಲಯಕ್ಕೆ ಬ್ಲೀಚಿಂಗ್ ಹಾಕು.

ಪ್ರಶ್ನೆ: ರೀಲ್ಸ್‌ನಲ್ಲಿ ಎಲ್ಲರೂ ‘ಲೀಕಿ ಗಟ್’ ಅಂತಾರೆ. ಸುಸ್ತು, ಮೊಡವೆ, ತಲೆನೋವು ಎಲ್ಲದಕ್ಕೂ ಅದೇ ಕಾರಣವಂತೆ. ಝೋನುಲಿನ್ ಟೆಸ್ಟ್ ಮಾಡಿಸಿ, ಗೋಡೆ ಮುಚ್ಚುವ ಪೌಡರ್ ತಗೊಳ್ಳಲಾ? ಮೂರೂವರೆ ಸಾವಿರ ರೂಪಾಯಿ. (ವಿದ್ಯಾರ್ಥಿನಿ, ಅಂಧೇರಿ)

ಉತ್ತರ: ಬೇಡಮ್ಮಾ. ಕರುಳಿನ ಗೋಡೆ ಸೋರುವುದು ನಿಜ, ಮೇಲೆಲ್ಲ ಅದನ್ನೇ ಬರೆದಿದ್ದೇನೆ. ಸೋಂಕಿನಲ್ಲಿ ಸೋರುತ್ತದೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ, ಕರುಳಿನ ಉರಿಯ ಕ್ರೋನ್ಸ್ ಕಾಯಿಲೆಯಲ್ಲಿ ಸೋರುತ್ತದೆ. ಆದರೆ ಮೊಡವೆಗೂ ಸುಸ್ತಿಗೂ ಸೇರಿಸಿ ‘ಲೀಕಿ ಗಟ್’ ಅನ್ನುವ ಒಂದು ಕಾಯಿಲೆಯನ್ನು ವೈದ್ಯಶಾಸ್ತ್ರ ಒಪ್ಪಿಲ್ಲ.

ಝೋನುಲಿನ್ ಕಥೆ ಮಾತ್ರ ಚೆನ್ನಾಗಿದೆ. 1991ರಲ್ಲಿ ಅಲೆಸ್ಸಿಯೋ ಫಸಾನೋ ಮತ್ತು ಜೊತೆಗಾರರು ಕಾಲರಾ ಬ್ಯಾಕ್ಟೀರಿಯಾದಲ್ಲಿ ಸಿಮೆಂಟ್ ಸಡಿಲಿಸುವ ಇನ್ನೊಂದು ಟಾಕ್ಸಿನ್ ಇರುವುದನ್ನು ಕಂಡರು. ರೋಗಾಣುವಿನ ಕೀ ನಮ್ಮ ಬೀಗಕ್ಕೆ ಹೊಂದುತ್ತದೆ ಅಂದರೆ ನಮ್ಮದೇ ಕೀ ಒಂದು ಇರಬೇಕಲ್ಲ ಅಂತ ಹುಡುಕಿದಾಗ 2000ದ ಹೊತ್ತಿಗೆ ಸಿಕ್ಕಿದ್ದು ಝೋನುಲಿನ್. ವಿಜ್ಞಾನದಲ್ಲಿ ಇಂಥ ಯೋಚನೆ ನನಗೆ ಬಹಳ ಇಷ್ಟ. ಆದರೆ ಮಾರುಕಟ್ಟೆಯಲ್ಲಿರುವ ಕಿಟ್‌ಗಳನ್ನು ಪರೀಕ್ಷಿಸಿದ ಸಂಶೋಧಕರು, ಅವು ಅಸಲಿ ಝೋನುಲಿನ್ ಅನ್ನು ಹಿಡಿಯುವುದೇ ಇಲ್ಲ ಅಂತ ತೋರಿಸಿದ್ದಾರೆ. ಆ ನಂಬರ್ ನೋಡಿ ಪೌಡರ್ ಕೊಳ್ಳಬೇಡ. ಸುಸ್ತು ಇದೆ ಅಂದರೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸು. ಗೋಡೆಗೆ ಏನಾದರೂ ಮಾಡಲೇಬೇಕು ಅನಿಸಿದರೆ ಕಾಳು, ಸೊಪ್ಪು, ಜೋಳದ ಭಕ್ರಿ ತಿನ್ನು. ಅದರ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುಳಿಯಿಸಿ ಬ್ಯುಟಿರೇಟ್ ಮಾಡುತ್ತವೆ, ಅಲ್ಲಿನ ಕೋಶಗಳಿಗೆ ಅದೇ ಮುಖ್ಯ ಊಟ.

ಪ್ರಶ್ನೆ: ಭೇದಿಯಲ್ಲಿ ರಕ್ತ ಕಂಡರೆ? (ಮುಲುಂಡ್)

ಉತ್ತರ: ಅದೇ ದಿನ ಡಾಕ್ಟರ ಬಳಿ ಹೋಗಿ. ರಕ್ತ ಬಂತು ಅಂದರೆ ಟೈಲ್ಸೇ ಒಡೆದಿದೆ. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಆಮಶಂಕೆಯ ರೋಗಾಣು ಕಂಡುಹಿಡಿದರು, ಅದರ ಟಾಕ್ಸಿನ್ ಕೋಶದ ಪ್ರೋಟೀನ್ ಮಾಡುವ ಯಂತ್ರವನ್ನೇ ನಿಲ್ಲಿಸುತ್ತದೆ. ಇ. ಕೋಲೈಯ ಇನ್ನೊಂದು ಬಗೆಯೂ ಅದೇ ಜಾತಿಯ ಟಾಕ್ಸಿನ್ ಮಾಡುತ್ತದೆ. ಗೋಡೆ ದಾಟಿದ ಆ ವಿಷ ರಕ್ತದಲ್ಲಿ ಹೋಗಿ, ಮುಖ್ಯವಾಗಿ ಚಿಕ್ಕ ಮಕ್ಕಳಲ್ಲಿ, ಒಂದು ವಾರದ ನಂತರ ಕಿಡ್ನಿಗೆ ತೊಂದರೆ ಮಾಡಬಹುದು. ಶಿಗಾ ಕಂಡ ಆಮಶಂಕೆಗೆ ಆಂಟಿಬಯಾಟಿಕ್ ಬೇಕು, ಈ ಬಗೆಯ ಇ. ಕೋಲೈಗೆ ಕೊಟ್ಟರೆ ಅಪಾಯ ಜಾಸ್ತಿಯಾಗಬಹುದು. ಮನೆಯಲ್ಲಿ ಕೂತು ಯಾವುದು ಅಂತ ಹೇಳಲಾಗುವುದಿಲ್ಲ, ಮಲ ಪರೀಕ್ಷೆ ಆಗಬೇಕು. ನಿಲ್ಲಿಸುವ ಮಾತ್ರೆ ಮುಟ್ಟಲೇಬೇಡಿ.

ಪ್ರಶ್ನೆ: ಮಗಳಿಗೆ ಮೂರು ವರ್ಷ. ಭೇದಿ ನಿಂತು ಎರಡು ದಿನ ಆಯಿತು. ಹಾಲು, ಅನ್ನ ಕೊಡಬಹುದಾ? ಎಷ್ಟು ದಿನ ಪಥ್ಯ? (ಮಡಗಾಂವ್)

ಉತ್ತರ: ಪಥ್ಯ ಬೇಡ. ಭೇದಿ ಇರುವಾಗಲೇ ಊಟ ಕೊಡಬೇಕಿತ್ತು, ಈಗಲಾದರೂ ಧಾರಾಳವಾಗಿ ಕೊಡಿ. ಕರುಳಿನ ಟೈಲ್ಸ್ ಮೂರರಿಂದ ಐದು ದಿನಕ್ಕೆ ಪೂರ್ತಿ ಹೊಸದಾಗುತ್ತದೆ, ಹೊಸ ಕೋಶ ಕಟ್ಟಲು ಸಾಮಾನು ಊಟದಿಂದಲೇ ಬರಬೇಕು. ಮೆತ್ತಗಿನ ಅನ್ನ ತೊವ್ವೆ, ನಿಮ್ಮ ಗೋವಾದ ಪೇಜ್, ಬಾಳೆಹಣ್ಣು, ಮೊಸರು, ಮೊಟ್ಟೆ ಎಲ್ಲ ಆಗುತ್ತದೆ. ಹಾಲು ಕೊಟ್ಟಾಗ ಹೊಟ್ಟೆ ಉಬ್ಬರಿಸಿದರೆ ಮಾತ್ರ ಕೆಲವು ದಿನ ಮೊಸರಿಗೆ ಬದಲಿಸಿ, ಹಾಲು ಜೀರ್ಣಿಸುವ ಎಂಜೈಮ್ ಕೋಶದ ತುದಿಯಲ್ಲಿರುವುದರಿಂದ ಅದು ವಾಪಸ್ ಬರಲು ಸ್ವಲ್ಪ ತಡ. ಡಾಕ್ಟರು ಬರೆದ ಜಿಂಕ್, ದಿನಕ್ಕೆ 20 ಮಿಲಿಗ್ರಾಂ, ಭೇದಿ ನಿಂತಿತು ಅಂತ ಬಿಡಬೇಡಿ, 14 ದಿನ ಪೂರ್ತಿ ಕೊಡಿ. ಮುಂದಿನ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ.